ರೆಂಡರ್ ಹಾಕಿದ್ರೆ ಸಿಸ್ಟಮ್ ದಪ್ ಅಂತ ಆಫ್: ಮದರ್‌ಬೋರ್ಡ್ ಬದಲಾಯಿಸೋಕೆ ಮುಂಚೆ ನೋಡಬೇಕಾದ್ದು

ಪ್ರಶ್ನೆ: ನಮಸ್ತೆ ಸರ್. ದಾವಣಗೆರೆಯಲ್ಲಿ ಮದುವೆ, ನಾಮಕರಣ ಫಂಕ್ಷನ್‌ಗಳ ವಿಡಿಯೋ ಎಡಿಟಿಂಗ್ ಮಾಡ್ತೀನಿ. ಸಿಸ್ಟಮ್ ಐ7-12700, ಬಿ660 ಬೋರ್ಡ್, 32 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 3060. ಕೂಲರ್ ಪ್ರೊಸೆಸರ್ ಜೊತೆ ಬಂದಿದ್ದೇ. ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆ ಬಂದಿದ್ದು, 600 ವ್ಯಾಟ್ ಅಂತ ಬರೆದಿದೆ. 600 ವಿಎ ಯುಪಿಎಸ್ ಇದೆ. ಪ್ರೀಮಿಯರ್ ಪ್ರೋದಲ್ಲಿ 4ಕೆ ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿದ್ರೆ 10 ನಿಮಿಷಕ್ಕೋ 25 ನಿಮಿಷಕ್ಕೋ ಕರೆಂಟ್ ಹೋದಂಗೆ ಪೂರ್ತಿ ಆಫ್ ಆಗತ್ತೆ. ನೀಲಿ ಸ್ಕ್ರೀನ್ ಬರಲ್ಲ. ಕೆಲವು ಸಲ ಪವರ್ ಬಟನ್ ಒತ್ತಿದ್ರೂ ಆನ್ ಆಗಲ್ಲ, ಹಿಂದಿನ ಪವರ್ ವೈರ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿದ್ರೆ ಮಾತ್ರ ಆನ್ ಆಗತ್ತೆ. ನನ್ನ ತಮ್ಮ ಇದ್ರಲ್ಲೇ ಮೂರು ಗಂಟೆ ಗೇಮ್ ಆಡ್ತಾನೆ, ಒಂದ್ಸಲಾನೂ ಆಫ್ ಆಗಿಲ್ಲ. ಸರ್ವಿಸ್‌ನವ್ರು ಎರಡು ಸಲ ವಿಂಡೋಸ್ ಹಾಕಿದ್ರು, ರ‍್ಯಾಮ್ ಬದಲಾಯಿಸಿದ್ರು, ಈಗ ಮದರ್‌ಬೋರ್ಡ್ ಹೋಗಿದೆ ಅಂತಿದಾರೆ. ಎರಡು ಮದುವೆ ಡೆಲಿವರಿ ಬಾಕಿ ಇದೆ. ಏನ್ ಮಾಡ್ಲಿ?

ಉತ್ತರ: ಮೊದಲು ಒಂದು ಮಾತು, ಮದರ್‌ಬೋರ್ಡ್‌ಗೆ ಈಗಲೇ ದುಡ್ಡು ಕೊಡಬೇಡಿ. ಬೋರ್ಡ್ ಹೋಗಿರಲಿಕ್ಕೇ ಇಲ್ಲ ಅಂತ ಹೇಳ್ತಿಲ್ಲ, ಆದರೆ ನೀವು ಬರೆದಿರೋದ್ರಲ್ಲಿ ಬೋರ್ಡ್ ಕಡೆ ಬೆರಳು ತೋರಿಸೋ ಅಂಥದ್ದು ಒಂದೂ ಇಲ್ಲ, ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನ ಸಿಸ್ಟಮ್‌ಗೆ ಬೇಕಾದ ವೋಲ್ಟೇಜ್‌ಗೆ ಇಳಿಸಿ ಕೊಡೋ ಪೆಟ್ಟಿಗೆ) ಕಡೆ ತೋರಿಸೋದು ಮಾತ್ರ ಒಂದು ತುಂಬಾ ದೊಡ್ಡದಿದೆ. ಅದು ನಿಮಗೆ ಗೊತ್ತಿಲ್ಲದೆ ನೀವೇ ಬರೆದಿದೀರ: ಪವರ್ ಬಟನ್ ಒತ್ತಿದ್ರೂ ಆನ್ ಆಗಲ್ಲ, ವೈರ್ ಕಿತ್ತು ಹಾಕಿದ ಮೇಲೆ ಮಾತ್ರ ಆಗತ್ತೆ ಅಂತ.

ಅದು ಯಾಕೆ ಮುಖ್ಯ ಅಂದ್ರೆ, ಎಸ್‌ಎಂಪಿಎಸ್ ಒಳಗೆ ಒಂದಷ್ಟು ರಕ್ಷಣೆಗಳು ಇರತ್ತೆ. ಲೋಡ್ ಮಿತಿ ಮೀರಿದ್ರೆ, ವೋಲ್ಟೇಜ್ ಕುಸಿದ್ರೆ, ಶಾರ್ಟ್ ಆದ್ರೆ ಅದು ತನ್ನನ್ನ ತಾನೇ ಆಫ್ ಮಾಡ್ಕೊಳತ್ತೆ, ಬಹಳಷ್ಟು ಎಸ್‌ಎಂಪಿಎಸ್‌ಗಳು ಹಾಗೆ ಆಫ್ ಆದ ಮೇಲೆ ಲಾಕ್ ಆಗಿ ಕೂತುಬಿಡ್ತವೆ, ಒಳಗಿನ ಚಾರ್ಜ್ ಇಳಿದು ರಿಸೆಟ್ ಆಗೋ ತನಕ ಏನೇ ಒತ್ತಿದ್ರೂ ಏಳಲ್ಲ. ತೋಟದ ಪಂಪ್‌ಸೆಟ್ ಸ್ಟಾರ್ಟರ್ ಟ್ರಿಪ್ ಆದ್ರೆ ರಿಸೆಟ್ ಒತ್ತದೆ ಮತ್ತೆ ಹಿಡಿಯಲ್ಲ ಅಲ್ವಾ, ಹಾಗೇನೆ. ಪ್ರೊಸೆಸರ್ ಬಿಸಿಯಾಗಿ ಆಫ್ ಆಗಿದ್ರೆ ಸಾಮಾನ್ಯವಾಗಿ ಬಟನ್ ಒತ್ತಿದ ತಕ್ಷಣ ಆನ್ ಆಗತ್ತೆ, ಬಿಸಿ ಇಳಿದಿಲ್ಲ ಅಂದ್ರೆ ಸ್ವಲ್ಪ ಹೊತ್ತಲ್ಲಿ ಮತ್ತೆ ಹೋಗತ್ತೆ. ಆರಿಹೋದ ರೀತಿ ನೋಡಿದ್ರೆ ಅರ್ಧ ಕಾರಣ ಸಿಕ್ಕಂಗೆ. ಎಷ್ಟೋ ಕಡೆ ಇದನ್ನ ಯಾರೂ ಕೇಳೋದೇ ಇಲ್ಲ, ನೇರ ವಿಂಡೋಸ್ ಫಾರ್ಮ್ಯಾಟ್ ಮಾಡೋಕೆ ಕೂತುಬಿಡ್ತಾರೆ, ನನಗೆ ಬೇಜಾರಾಗೋದು ಅಲ್ಲೇ. ನಿಮ್ಮ ಹಾಗೆ ದಿನದ ದುಡಿಮೆ ಸಿಸ್ಟಮ್ ಮೇಲೆ ನಿಂತಿರೋರಿಗೆ ಒಂದೊಂದು ಫಾರ್ಮ್ಯಾಟೂ ಎರಡು ದಿನದ ಕೆಲಸ ನಷ್ಟ.

ಈಗ ನಿಮ್ಮ ದೊಡ್ಡ ಅನುಮಾನ, ಗೇಮ್‌ನಲ್ಲಿ ಆಗಲ್ಲ, ರೆಂಡರ್‌ನಲ್ಲಿ, ಅಂದ್ರೆ ಎಕ್ಸ್‌ಪೋರ್ಟ್‌ಗೆ ಹಾಕಿದಾಗ ಮಾತ್ರ ಯಾಕೆ ಅನ್ನೋದು. ಶಿರಾಡಿ ಘಾಟಿ ಹತ್ತೋ ಲೋಡ್ ಲಾರಿ ನೆನಪು ಮಾಡ್ಕೊಳ್ಳಿ. ಊರೊಳಗೆ ಓಡಾಡೋವಾಗ ಅದೇ ಲಾರಿ ಚೆನ್ನಾಗೇ ಇರತ್ತೆ, ಒಮ್ಮೆ ಜೋರು ಒಮ್ಮೆ ನಿಧಾನ, ಇಂಜಿನ್‌ಗೆ ಮಧ್ಯೆ ಮಧ್ಯೆ ಉಸಿರು ಸಿಗತ್ತೆ. ಘಾಟಿಲಿ ಹಾಗಲ್ಲ, ಕೆಳಗಿಂದ ಮೇಲಿನ ತನಕ ಒಂದೇ ಸಮ ಎಳೀತಾನೇ ಇರಬೇಕು, ರೇಡಿಯೇಟರ್ ಸ್ವಲ್ಪ ಕಟ್ಟಿದ್ರೂ ಅಲ್ಲೇ ಗೊತ್ತಾಗೋದು. ಗೇಮ್ ಆಡೋವಾಗ ಗ್ರಾಫಿಕ್ಸ್ ಕಾರ್ಡ್ ಪೂರ್ತಿ ಕೆಲಸ ಮಾಡತ್ತೆ ಆದರೆ ಪ್ರೊಸೆಸರ್ ತನ್ನ ಶಕ್ತಿಯ ಒಂದು ಪಾಲು ಮಾತ್ರ ಬಳಸತ್ತೆ. ರೆಂಡರ್‌ಗೆ ಹಾಕಿದಾಗ, ಅದ್ರಲ್ಲೂ ಕಲರ್ ಗ್ರೇಡಿಂಗ್, ನಾಯ್ಸ್ ರಿಡಕ್ಷನ್ ಎಲ್ಲ ಹಾಕಿರೋ 4ಕೆ ಟೈಮ್‌ಲೈನ್ ಆದ್ರೆ, ಎರಡೂ ಒಟ್ಟಿಗೆ, ನಿಲ್ಲದೆ, ಅರ್ಧ ಗಂಟೆ ಒಂದು ಗಂಟೆ.

ಲೆಕ್ಕ ಹಾಕೋಣ. ಐ7-12700 ಬಾಕ್ಸ್ ಮೇಲೆ 65 ವ್ಯಾಟ್ ಅಂತ ಇರತ್ತೆ, ಅದು ಬೇಸ್ ಪವರ್ ಮಾತ್ರ, ಟರ್ಬೋಗೆ ಹೋದಾಗ, ಅಂದ್ರೆ ಮಾಮೂಲಿ ಮೀರಿ ಸ್ಪೀಡ್ ಏರಿಸಿದಾಗ, ಇಂಟೆಲ್‌ನವರೇ ಕೊಟ್ಟಿರೋ ಮಿತಿ 180 ವ್ಯಾಟ್. ಅದೂ ಸ್ವಲ್ಪ ಹೊತ್ತಿಗೆ ಅಂತ ಇರೋದು, ಆದರೆ ಸುಮಾರು ಬೋರ್ಡ್‌ಗಳ ಬಯಾಸ್‌ನಲ್ಲಿ (ಬೋರ್ಡ್ ಒಳಗೇ ಇರೋ ಸೆಟ್ಟಿಂಗ್ ಸಾಫ್ಟ್‌ವೇರ್) ಆ ಟೈಮ್ ಮಿತಿ ತೆಗೆದುಹಾಕಿರ್ತಾರೆ, ಬೆಂಚ್‌ಮಾರ್ಕ್ ಸ್ಕೋರ್ ಚೆನ್ನಾಗಿ ಬರಲಿ ಅಂತ, ಹಾಗಾಗಿ ರೆಂಡರ್ ನಡೆಯೋ ಅಷ್ಟೂ ಹೊತ್ತು ಅದು 180ರ ಆಸುಪಾಸು ಎಳೀಬಹುದು. ಆರ್‌ಟಿಎಕ್ಸ್ 3060 ಇನ್ನೊಂದು 170 ವ್ಯಾಟ್. ಬೋರ್ಡು, ರ‍್ಯಾಮು, ಎಸ್‌ಎಸ್‌ಡಿ, ಫ್ಯಾನು ಎಲ್ಲ ಸೇರಿ ಒಂದು 50. ಒಟ್ಟು 400 ವ್ಯಾಟ್. ಇದು ಸರಾಸರಿ, ಗ್ರಾಫಿಕ್ಸ್ ಕಾರ್ಡ್ ಕೆಲವು ಮಿಲಿಸೆಕೆಂಡ್ ಮಟ್ಟಿಗೆ ತನ್ನ 170ನ್ನ ಮೀರಿ ಜಿಗಿಯತ್ತೆ, ಆ ಜಿಗಿತ ಪ್ರೊಸೆಸರ್ ಪೂರ್ತಿ ಎಳೀತಿರೋ ಕ್ಷಣಕ್ಕೇ ಬಿದ್ರೆ ಬಲ ಇಲ್ಲದ ಎಸ್‌ಎಂಪಿಎಸ್ ಕೈ ಬಿಡತ್ತೆ. ನಿಮಗೆ ಒಮ್ಮೆ 10 ನಿಮಿಷ ಒಮ್ಮೆ 25 ನಿಮಿಷ ಅಂತ ಗೊತ್ತುಗುರಿ ಇಲ್ಲದೆ ಆಗ್ತಿರೋದಕ್ಕೂ ಇದು ಹೊಂದತ್ತೆ.

600 ವ್ಯಾಟ್ ಅಂತ ಬರೆದಿದೆಯಲ್ಲ ಅಂತ ನೀವು ಕೇಳಬಹುದು. ಕ್ಯಾಬಿನೆಟ್ ಸೈಡ್ ಡೋರ್ ತೆಗೆದು ಎಸ್‌ಎಂಪಿಎಸ್ ಲೇಬಲ್ ಫೋಟೋ ತೆಗೀರಿ, ದೊಡ್ಡ ಅಕ್ಷರದ 600 ಬಿಟ್ಟುಬಿಡಿ, ಕೆಳಗೆ ಸಣ್ಣ ಟೇಬಲ್ ಇರತ್ತೆ, ಅದ್ರಲ್ಲಿ 12 ವೋಲ್ಟ್ ಅಂತ ಇರೋ ಕಾಲಮ್‌ನಲ್ಲಿ ಎಷ್ಟು ಆಂಪಿಯರ್ ಬರೆದಿದೆ ನೋಡಿ. ಪ್ರೊಸೆಸರ್ರೂ ಗ್ರಾಫಿಕ್ಸ್ ಕಾರ್ಡೂ ಹೆಚ್ಚು ಕಡಿಮೆ ಪೂರ್ತಿ ಬದುಕೋದು ಆ 12 ವೋಲ್ಟ್ ಮೇಲೆ. ಅಲ್ಲಿ 18 ಆಂಪಿಯರ್ ಅಂತ ಇದ್ರೆ 12 ಇಂಟು 18, 216 ವ್ಯಾಟ್, ಅಷ್ಟೇ ನಿಮಗೆ ಸಿಗೋದು, ಮೇಲೆ ಏನೇ ಬರೆದಿರಲಿ. ಸರಿಯಾದ 550 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್ ಒಂದ್ರಲ್ಲೇ 45 ಆಂಪಿಯರ್ ಹತ್ತಿರ ಇರತ್ತೆ. ಕ್ಯಾಬಿನೆಟ್ ಜೊತೆ ಫ್ರೀ ಅಂತ ಬರೋ ಎಸ್‌ಎಂಪಿಎಸ್‌ಗಳು ಆಫೀಸ್ ಕೆಲಸದ, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಿಸ್ಟಮ್‌ಗೆ ಅಂತ ಮಾಡಿರೋದು, ಆ ಕೆಲಸಕ್ಕೆ ವರ್ಷಗಟ್ಟಲೆ ಬಾಳಿಕೆ ಬರೋದನ್ನ ನೋಡಿದೀನಿ, ನಿಮ್ಮ ಕೆಲಸ ಅದರದ್ದಲ್ಲ ಅಷ್ಟೇ.

ಆದರೂ ಇಷ್ಟಕ್ಕೇ ಎಸ್‌ಎಂಪಿಎಸ್ ತಂದು ಹಾಕಿಬಿಡಿ ಅಂತ ನಾನು ಹೇಳಲ್ಲ, ಯಾಕಂದ್ರೆ ನಿಮ್ಮ ಸೆಟಪ್‌ನಲ್ಲಿ ಇನ್ನೂ ಎರಡು ಬಲಹೀನ ಜಾಗ ಕಾಣ್ತಿದೆ, ಯುಪಿಎಸ್ ಒಂದು ಕೂಲರ್ ಒಂದು. ಒಂದನ್ನ ಸರಿ ಮಾಡಿ ಇನ್ನೊಂದು ಉಳಿದ್ರೆ ಹೊಸ ಎಸ್‌ಎಂಪಿಎಸ್ ಹಾಕಿದ್ರೂ ಆಫ್ ಆಗ್ತಾನೇ ಇದೆ ಅಂತ ಬೈಕೊಳ್ತೀರ. ಅದಕ್ಕೆ ಪರೀಕ್ಷೆ ಮಾಡೇ ಮುಂದೆ ಹೋಗೋಣ, ಒಂದು ಭಾನುವಾರ ಬೆಳಗ್ಗೆ ಸಾಕು, ಖರ್ಚು ಏನೂ ಇಲ್ಲ. ಮುಂಚೆ ಮದುವೆ ಫುಟೇಜ್ ಎಲ್ಲ ಬೇರೆ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ ಆ ಡಿಸ್ಕ್ ಕಿತ್ತಿಡಿ, ಇದು ಮರೀಬೇಡಿ. ಡಿಸ್ಕ್ ಬರೀತಿರೋವಾಗ ಪವರ್ ಕಟ್ ಆಗಿ ಫೈಲುಗಳು ಹಾಳಾಗೋದು ಉಂಟು, ಸಿಸ್ಟಮ್ ಮತ್ತೆ ತರಬಹುದು, ಧಾರೆ ಎರೆಯೋ ಶಾಟ್ ಮತ್ತೆ ತೆಗೆಯೋಕಾಗಲ್ಲ. ಕ್ಯಾಮೆರಾ ಕಾರ್ಡ್‌ಗಳನ್ನೂ ಇದೆಲ್ಲ ಮುಗಿಯೋ ತನಕ ಫಾರ್ಮ್ಯಾಟ್ ಮಾಡಬೇಡಿ.

ಮೊದಲ ಪರೀಕ್ಷೆ ಬರೀ ಕಣ್ಣಿನದ್ದು. ಆಫ್ ಆದ ಕ್ಷಣ ಮಾನಿಟರ್ ಏನ್ ಮಾಡತ್ತೆ ನೋಡಿ. ಮಾನಿಟರ್ರೂ ಅದೇ ಯುಪಿಎಸ್‌ಗೆ ಹಾಕಿದ್ದು, ಅದರ ಲೈಟೂ ಸೇರಿ ಎಲ್ಲ ಹೋಯ್ತು ಅಂದ್ರೆ ತೊಂದ್ರೆ ಕ್ಯಾಬಿನೆಟ್ ಹೊರಗೆ, ಯುಪಿಎಸ್ಸೋ ಪ್ಲಗ್ಗೋ ವೈರಿಂಗೋ. ಮಾನಿಟರ್ ಆನ್ ಇದ್ದು ನೋ ಸಿಗ್ನಲ್ ಅಂತ ತೋರಿಸಿದ್ರೆ ತೊಂದ್ರೆ ಕ್ಯಾಬಿನೆಟ್ ಒಳಗೆ. ಇನ್ನೊಂದು, ಸಿಪಿಯು ಫ್ಯಾನ್ ನಿಂತಿಲ್ಲ, ಲೈಟ್ ಇದೆ, ಸ್ಕ್ರೀನ್ ಮಾತ್ರ ಕಪ್ಪು ಅಂದ್ರೆ ಅದು ಪವರ್ ಕಥೆಯೇ ಅಲ್ಲ, ಗ್ರಾಫಿಕ್ಸ್ ಕಾರ್ಡ್ ಅಥವಾ ಅದರ ಡ್ರೈವರ್. ಈ ಮೂರು ಬೇರೆ ಬೇರೆ ಕಾಯಿಲೆ, ಹೇಳೋವಾಗ ಮಾತ್ರ ಎಲ್ಲರೂ ಆಫ್ ಆಯ್ತು ಅಂತಲೇ ಹೇಳೋದು.

ಯುಪಿಎಸ್ ವಿಷಯ ಸ್ವಲ್ಪ ಉದ್ದ ಹೇಳ್ತೀನಿ, ನಮ್ಮ ಕಡೆ ಇದರಿಂದ ಆಗೋ ತೊಂದ್ರೆ ತುಂಬಾ. 600 ವಿಎ ಅಂದ್ರೆ 600 ವ್ಯಾಟ್ ಅಲ್ಲ, ಈ ಸೈಜಿನವು ಸಾಮಾನ್ಯವಾಗಿ 360 ವ್ಯಾಟ್ ಹೊರೋದು. ನಿಮ್ಮ ಸಿಸ್ಟಮ್ ಒಳಗೆ 400 ವ್ಯಾಟ್ ಬಳಸಿದ್ರೆ ಎಸ್‌ಎಂಪಿಎಸ್ ಒಳಗಿನ ನಷ್ಟ ಸೇರಿ ಗೋಡೆಯಿಂದ 470, 500ರ ಹತ್ತಿರ ಎಳೀತಿರತ್ತೆ, ಮೇಲೆ ಮಾನಿಟರ್ 30. ಕರೆಂಟ್ ಇರೋ ತನಕ ಯುಪಿಎಸ್ ಅದನ್ನ ಹಾಗೇ ದಾಟಿಸಿಬಿಡತ್ತೆ, ಓವರ್‌ಲೋಡ್ ಅಂತ ಕೂಗಬಹುದು ಕೂಗದೇ ಇರಬಹುದು. ಆದರೆ ಲೈನ್‌ನಲ್ಲಿ ಒಂದು ಸಣ್ಣ ಮಿಣುಕು ಬಂದ್ರೂ, ಟ್ಯೂಬ್‌ಲೈಟ್ ಪಿಳಿಕ್ ಅನ್ನೋ ಅಷ್ಟೇ, ಯುಪಿಎಸ್ ಬ್ಯಾಟರಿಗೆ ಬದಲಾಗತ್ತೆ, ಆ ಕ್ಷಣ 500 ವ್ಯಾಟ್ ಪೂರ್ತಿ ಅದರ ತಲೆ ಮೇಲೆ, ಹೊರೋಕಾಗದೆ ಕೈ ಚೆಲ್ಲತ್ತೆ. ಮಾಮೂಲಿ ಕೆಲಸದಲ್ಲಿ ಅದೇ ಯುಪಿಎಸ್ ಅದೇ ಮಿಣುಕನ್ನ ನಿಮಗೆ ಗೊತ್ತೇ ಆಗದ ಹಾಗೆ ದಾಟಿಸಿರತ್ತೆ, ಆಗ ಸಿಸ್ಟಮ್ ಬಳಸ್ತಿರೋದು 80, 100 ವ್ಯಾಟ್ ಅಲ್ವಾ.

ನನಗೆ ಇದನ್ನ ಕಲಿಸಿದ್ದು ಕುಂದಾಪುರ ಕಡೆಯ ಒಬ್ಬ ಸ್ನೇಹಿತರ ಸ್ಟುಡಿಯೋ. ಸಂಜೆ ಆರೂವರೆಯಿಂದ ಒಂಬತ್ತರ ಒಳಗೆ ಮಾತ್ರ ರೆಂಡರ್ ಮಧ್ಯೆ ಆಫ್ ಆಗ್ತಿತ್ತು, ರಾತ್ರಿ ಹನ್ನೊಂದಕ್ಕೆ ಹಾಕಿದ್ರೆ ಬೆಳಗ್ಗೆ ತನಕ ಸಲೀಸು. ನಾವು ಪ್ರಾಜೆಕ್ಟ್ ಫೈಲ್ ಹಾಳಾಗಿದೆ ಅಂತ ವಾರ ಕಳೆದ್ವಿ. ಕೊನೆಗೆ ಮಲ್ಟಿಮೀಟರ್ ಇಟ್ಟು ಕೂತಾಗ ಸಂಜೆ ಹೊತ್ತು ವೋಲ್ಟೇಜ್ 230ರಿಂದ 175ಕ್ಕೆ ಬರ್ತಿತ್ತು. ಎಸ್‌ಎಂಪಿಎಸ್ ಗುಣ ಏನಂದ್ರೆ ವೋಲ್ಟೇಜ್ ಇಳಿದ್ರೆ ಅದೇ ವ್ಯಾಟ್ ತೆಗೆಯೋಕೆ ಜಾಸ್ತಿ ಕರೆಂಟ್ ಎಳೀತದೆ, ಲೋ ವೋಲ್ಟೇಜ್‌ನಲ್ಲಿ ಪಂಪ್‌ಸೆಟ್ ಮೋಟಾರ್ ಸುಟ್ಟು ಹೋಗೋದು ಗೊತ್ತಲ್ಲ, ಅದೇ ದಾರಿ. ಅಲ್ಲಿ ಯುಪಿಎಸ್ ಪದೇ ಪದೇ ಬ್ಯಾಟರಿಗೆ ಹೋಗಿ ಬರ್ತಿತ್ತು, ಒಂದ್ಸಲ ಲೋಡ್ ಜಾಸ್ತಿ ಇದ್ದಾಗ ಕೈ ಬಿಡ್ತಿತ್ತು. 1100 ವಿಎ, ಅಂದ್ರೆ 660 ವ್ಯಾಟ್‌ನ ಯುಪಿಎಸ್ ಹಾಕಿದ ಮೇಲೆ ಮತ್ತೆ ಆ ಮಾತು ಬರಲಿಲ್ಲ. ಹಾಗಾಗಿ ನೀವೂ ಆಫ್ ಆದ ಟೈಮ್ ಬರೆದಿಟ್ಕೊಳ್ಳಿ, ಸಂಜೆಗೇ ಜಾಸ್ತಿ ಅಂದ್ರೆ ಅದೇ ಒಂದು ಸಾಕ್ಷಿ.

ನಿಮ್ಮ ಮಟ್ಟಿಗೆ ಸುಲಭ ಪರೀಕ್ಷೆ, ಕರೆಂಟ್ ಚೆನ್ನಾಗಿರೋ ಹೊತ್ತಲ್ಲಿ ಯುಪಿಎಸ್ ಪಕ್ಕಕ್ಕಿಟ್ಟು ಸಿಸ್ಟಮ್‌ನ ನೇರ ಗೋಡೆ ಸಾಕೆಟ್‌ಗೆ ಹಾಕಿ ರೆಂಡರ್ ಕೊಡಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ, ನೇರ ಗೋಡೆಗೆ, ಮೂರು ಪಿನ್ನೂ ಸರಿಯಾಗಿ ಕೂರೋ, ಅರ್ಥಿಂಗ್ ಇರೋ ಸಾಕೆಟ್. ಆಗ ಆಫ್ ಆಗಲಿಲ್ಲ ಅಂದ್ರೆ ಎಸ್‌ಎಂಪಿಎಸ್ ಮುಟ್ಟೋಕೆ ಮುಂಚೆ ಯುಪಿಎಸ್ ಬದಲಾಯಿಸಿ. ಆದರೆ ನಿಮ್ಮದು ಲಾಕ್ ಆಗಿ ವೈರ್ ಕಿತ್ತು ಹಾಕಬೇಕಾಗ್ತಿದೆ ಅಂದ್ರೆ ಯುಪಿಎಸ್‌ನಿಂದ ಆಗಲೂ ಕರೆಂಟ್ ಬರ್ತಾನೇ ಇತ್ತು, ಒಳಗಿನ ಎಸ್‌ಎಂಪಿಎಸ್ಸೇ ನಿಂತಿತ್ತು ಅಂತಾಯ್ತು, ಹಾಗಾಗಿ ನನ್ನ ಅಂದಾಜು ನಿಮ್ಮಲ್ಲಿ ಯುಪಿಎಸ್ ಎರಡನೇ ಆರೋಪಿ, ಮೊದಲನೆಯದಲ್ಲ.

ಆಮೇಲೆ ವಿಂಡೋಸ್‌ನ ಇವೆಂಟ್ ವ್ಯೂವರ್ ತೆಗೀರಿ, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್. ಆಫ್ ಆದ ಟೈಮ್ ಆಸುಪಾಸು ಕರ್ನಲ್-ಪವರ್ 41 ಅಂತ ಕೆಂಪು ಗುರುತು ಇರತ್ತೆ. ಇದನ್ನ ನೋಡಿ ಜನ ಪವರ್ ಅಂತ ಬರೆದಿದೆ ಅಂದ್ರೆ ಎಸ್‌ಎಂಪಿಎಸ್ಸೇ ಹೋಗಿದೆ ಅಂತ ಓಡ್ತಾರೆ, ಅದು ತಪ್ಪು. 41 ಅಂದ್ರೆ ಹಿಂದಿನ ಸಲ ವಿಂಡೋಸ್ ಸರಿಯಾಗಿ ಮುಚ್ಚದೇ ಹೋಗಿತ್ತು ಅನ್ನೋ ಮಾತು ಅಷ್ಟೇ, ಮತ್ತೆ ಆನ್ ಆದಾಗ ಬರೆಯೋದು, ನೀವೇ ವೈರ್ ಕಿತ್ತರೂ ಅದೇ ಬರತ್ತೆ. ಅದರ ಡೀಟೇಲ್ಸ್ ಒಳಗೆ ಬಗ್‌ಚೆಕ್‌ಕೋಡ್ ಅಂತ ಇರತ್ತೆ, ಅದು ನೋಡಿ. ಸೊನ್ನೆ ಇದ್ರೆ ವಿಂಡೋಸ್‌ಗೆ ತಾನು ಯಾಕೆ ಹೋದೆ ಅಂತ ಬರೆಯೋ ಸಮಯವೇ ಸಿಕ್ಕಿಲ್ಲ, ಹೆಚ್ಚಾಗಿ ಪವರ್ ಕಡಿತ ಅಥವಾ ಬಿಸಿ. ಬೇರೆ ನಂಬರ್ ಇದ್ರೆ ನೀಲಿ ಸ್ಕ್ರೀನ್ ಬಂದು ನಿಮ್ಮ ಕಣ್ಣಿಗೆ ಬೀಳೋ ಮುಂಚೆ ರೀಸ್ಟಾರ್ಟ್ ಆಗಿದೆ, ಆಗ ಡ್ರೈವರ್, ರ‍್ಯಾಮ್ ಕಡೆ ಹೋಗಬೇಕು. ಸಿಸ್ಟಮ್ ಪ್ರಾಪರ್ಟೀಸ್‌ನಲ್ಲಿ ಸ್ಟಾರ್ಟಪ್ ಆಂಡ್ ರಿಕವರಿ ಒಳಗೆ ಆಟೋಮ್ಯಾಟಿಕಲಿ ರೀಸ್ಟಾರ್ಟ್ ಟಿಕ್ ತೆಗೆದಿಡಿ, ನೀಲಿ ಸ್ಕ್ರೀನ್ ಬಂದ್ರೆ ನಿಂತೇ ಇರತ್ತೆ. 41ರ ಬದಲು ಕರ್ನಲ್-ಪವರ್ 42 ಇದ್ರೆ ಸಿಸ್ಟಮ್ ಸ್ಲೀಪ್‌ಗೆ ಹೋಗಿದ್ದು, ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ನೆವರ್ ಮಾಡಿ ಮುಗೀತು. ನಿಮ್ಮದು ಹಾಗಲ್ಲ, ಆದರೆ ಇದೇ ಸಮಸ್ಯೆ ಅಂತ ಬಂದೋರಲ್ಲಿ ಒಂದಿಬ್ಬರದ್ದು ಬರೀ ಸ್ಲೀಪ್ ಆಗಿತ್ತು.

ಈಗ ಬಿಸಿ. ಎಚ್‌ಡಬ್ಲ್ಯೂ ಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಸೆನ್ಸರ್ಸ್ ಓನ್ಲಿ ಟಿಕ್ ಮಾಡಿ ತೆಗೀರಿ, ಕೆಳಗೆ ಲಾಗಿಂಗ್ ಶುರು ಮಾಡೋ ಬಟನ್ ಇದೆ, ಅದು ಎರಡೆರಡು ಸೆಕೆಂಡಿಗೆ ಒಂದು ಸಾಲು ಫೈಲ್‌ಗೆ ಬರೀತಾ ಹೋಗತ್ತೆ. ಲಾಗ್ ಹಾಕಿ ರೆಂಡರ್ ಕೊಟ್ಟು ಬಿಡಿ. ಆಫ್ ಆಗಿ ಮತ್ತೆ ಆನ್ ಆದ ಮೇಲೆ ಆ ಫೈಲ್‌ನ ಎಕ್ಸೆಲ್‌ನಲ್ಲಿ ತೆಗೆದು ಕೊನೆಯ ಸಾಲುಗಳನ್ನ ನೋಡಿ, ಕೊನೆ ಉಸಿರಲ್ಲಿ ಸಿಸ್ಟಮ್ ಹೇಗಿತ್ತು ಅಂತ ಅದು ಹೇಳತ್ತೆ. ಸಿಪಿಯು ಪ್ಯಾಕೇಜ್ ಟೆಂಪರೇಚರ್, ಸಿಪಿಯು ಪ್ಯಾಕೇಜ್ ಪವರ್, ಜಿಪಿಯು ಟೆಂಪರೇಚರ್, ಜಿಪಿಯು ಪವರ್, ಈ ನಾಲ್ಕು ಕಾಲಮ್ ಸಾಕು. ನಿಮ್ಮ ಪ್ರೊಸೆಸರ್‌ಗೆ ಮಿತಿ 100 ಡಿಗ್ರಿ. ಇಲ್ಲಿ ಒಂದು ತಪ್ಪು ತಿಳುವಳಿಕೆ ಎಲ್ಲ ಕಡೆ ಇದೆ, 100 ಮುಟ್ಟಿದ್ರೆ ಆಫ್ ಆಗತ್ತೆ ಅಂತ. ಹಾಗಲ್ಲ, 100 ಮುಟ್ಟಿದ್ರೆ ಪ್ರೊಸೆಸರ್ ತನ್ನ ಸ್ಪೀಡ್ ತಾನೇ ಇಳಿಸ್ಕೊಂಡು ಅಲ್ಲೇ ನಿಭಾಯಿಸ್ಕೊಂಡು ಹೋಗತ್ತೆ, ರೆಂಡರ್ ನಿಧಾನ ಆಗತ್ತೆ ಅಷ್ಟೇ. ಸ್ಪೀಡ್ ಇಳಿಸಿದ್ರೂ ತಡೆಯೋಕಾಗದೆ ಬಿಸಿ ಇನ್ನೂ ಮೇಲೆ ಹೋದಾಗ ಮಾತ್ರ ಕೊನೆಯ ದಾರಿ ಅಂತ ದಪ್ ಅಂತ ಪವರ್ ಕಡಿಯತ್ತೆ, ಅದು ಆಗೋದು ಕೂಲರ್ ಸರಿಯಾಗಿ ಕೂತಿಲ್ಲ, ಫ್ಯಾನ್ ನಿಂತಿದೆ, ಲಿಕ್ವಿಡ್ ಕೂಲರ್ ಆದ್ರೆ ಪಂಪ್ ಕೆಟ್ಟಿದೆ, ಇಂಥ ಸಂದರ್ಭದಲ್ಲಿ. ಆಗ ಹೆಚ್ಚಾಗಿ ಲಾಗ್‌ನಲ್ಲಿ ಏರಿಕೆ ಕಡಿದಾಗಿ ಕಾಣತ್ತೆ, ಮತ್ತೆ ಆನ್ ಮಾಡಿದಾಗ ಕೆಲವು ಬೋರ್ಡ್‌ಗಳು ಸಿಪಿಯು ಓವರ್ ಟೆಂಪರೇಚರ್ ಅಂತ ಬರೆದು ತೋರಿಸ್ತವೆ.

ಹಾಗಾಗಿ ನಿಮ್ಮ ಲಾಗ್‌ನ ಕೊನೆ ಸಾಲಲ್ಲಿ 80 ಡಿಗ್ರಿ ಇದ್ದು ಆಫ್ ಆಗಿದ್ರೆ ಪ್ರೊಸೆಸರ್ ಬಿಸಿ ಕಾರಣ ಅಲ್ಲವೇ ಅಲ್ಲ. 100ರಲ್ಲಿ ಹತ್ತು ನಿಮಿಷ ನಿಂತು ಆಮೇಲೆ ಆಫ್ ಆಗಿದ್ರೆ, ಬಿಸಿ ಒಂದು ತೊಂದ್ರೆ ಹೌದು, ಆಫ್ ಆಗೋಕೆ ಅದೇ ಕಾರಣ ಅಂತ ಅಷ್ಟಕ್ಕೇ ಹೇಳೋಕಾಗಲ್ಲ, ಯಾಕಂದ್ರೆ ಅದೇ ಬಿಸಿ ಗಾಳಿ ಕ್ಯಾಬಿನೆಟ್ ಒಳಗೆ ಸುತ್ತಿ ಎಸ್‌ಎಂಪಿಎಸ್‌ನೂ ಬೇಯಿಸ್ತಿರತ್ತೆ. ಬಿಸಿಯಾದಷ್ಟೂ ಎಸ್‌ಎಂಪಿಎಸ್ ಹೊರೋ ಲೋಡ್ ಕಡಿಮೆ ಆಗತ್ತೆ. ಸೈಡ್ ಡೋರ್ ತೆಗೆದು ಟೇಬಲ್ ಫ್ಯಾನ್ ನೇರ ಒಳಗೆ ಬೀಸೋ ಹಾಗಿಟ್ಟು ಒಂದು ರೆಂಡರ್ ಕೊಟ್ಟು ನೋಡಿ. ಆಫ್ ಆಗೋದು ನಿಂತ್ರೆ ಅಥವಾ ತುಂಬಾ ತಡ ಆದ್ರೆ ಬಿಸಿಗೂ ಇದಕ್ಕೂ ಸಂಬಂಧ ಇದೆ ಅಂತ ಖಾತ್ರಿ.

ಬಿಸಿಯೋ ಲೋಡೋ ಅಂತ ಬೇರೆ ಮಾಡೋಕೆ ಇನ್ನೊಂದು ದಾರಿ, ಎರಡನ್ನೂ ಒಟ್ಟಿಗೆ ಎಳೆಯೋಕೆ ಬಿಡದೆ ಒಂದೊಂದನ್ನೇ ಎಳೆಯೋದು. ಸಿನೆಬೆಂಚ್ ಆರ್23 ಹಾಕಿ, ಅದು 10 ನಿಮಿಷ ಪ್ರೊಸೆಸರ್ ಒಂದನ್ನೇ ಪೂರ್ತಿ ದುಡಿಸತ್ತೆ. ಪಾಸ್ ಆದ್ರೆ ಫರ್‌ಮಾರ್ಕ್ ಹಾಕಿ, ಅದು ಗ್ರಾಫಿಕ್ಸ್ ಕಾರ್ಡ್ ಒಂದನ್ನೇ. ಎರಡೂ ಬೇರೆ ಬೇರೆ ಪಾಸ್ ಆಗಿ ಒಟ್ಟಿಗೆ ಹಾಕಿದಾಗ ಆಫ್ ಆದ್ರೆ ಅದಕ್ಕಿಂತ ಸ್ಪಷ್ಟ ಸಾಕ್ಷಿ ಎಸ್‌ಎಂಪಿಎಸ್ ವಿರುದ್ಧ ಬೇಕಾಗಿಲ್ಲ. ಓಸಿಸಿಟಿ ಅಂತ ಸಾಫ್ಟ್‌ವೇರ್‌ನಲ್ಲಿ ಪವರ್ ಟೆಸ್ಟ್ ಅಂತಲೇ ಒಂದಿದೆ, ಎರಡನ್ನೂ ಒಟ್ಟಿಗೆ ಎಳೀತದೆ, ಆದರೆ ನಿಮ್ಮ ಎಸ್‌ಎಂಪಿಎಸ್ ಲೇಬಲ್‌ನಲ್ಲಿ 12 ವೋಲ್ಟ್ ಆಂಪಿಯರ್ ಕಡಿಮೆ ಇದೆ ಅಂತ ಗೊತ್ತಾದ್ರೆ ಈ ಒಟ್ಟಿಗೆ ಎಳೆಯೋ ಪರೀಕ್ಷೆ ದಯವಿಟ್ಟು ಮಾಡಬೇಡಿ. ರಕ್ಷಣೆ ಸರಿಯಿಲ್ಲದ ಎಸ್‌ಎಂಪಿಎಸ್ ಸುಟ್ಟು ಹೋಗೋವಾಗ ಬೋರ್ಡ್‌ನೂ ಕರ್ಕೊಂಡು ಹೋಗಬಹುದು. ಲೇಬಲ್ಲೇ ತಪ್ಪೊಪ್ಪಿಕೊಂಡ ಮೇಲೆ ಹೊಡೆದು ಬಾಯಿ ಬಿಡಿಸೋದು ಬೇಕಿಲ್ಲ.

ಅದಕ್ಕಿಂತ ಸುರಕ್ಷಿತ ಅಂದ್ರೆ ಉಲ್ಟಾ ಪರೀಕ್ಷೆ, ಲೋಡ್ ಇಳಿಸಿ ನೋಡೋದು. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್, ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್, ಅಲ್ಲಿ 100 ಇರೋದನ್ನ 99 ಮಾಡಿ. ಒಂದು ಪರ್ಸೆಂಟ್‌ನಿಂದ ಏನಾಗತ್ತೆ ಅನ್ಸಬಹುದು, 99 ಅಂದ್ರೆ ಟರ್ಬೋ ಬಂದ್ ಅಂತ ಅರ್ಥ, ನಿಮ್ಮ ಪ್ರೊಸೆಸರ್ ಅದರ ಬೇಸ್ ಸ್ಪೀಡ್ 2.1 ಗಿಗಾಹರ್ಟ್ಸ್ ಆಸುಪಾಸಿಗೆ ಇಳಿಯತ್ತೆ, ಎಳೆಯೋ ವ್ಯಾಟ್ ಅರ್ಧಕ್ಕಿಂತ ಕೆಳಗೆ ಬರತ್ತೆ. ಗ್ರಾಫಿಕ್ಸ್ ಕಾರ್ಡ್‌ಗೆ ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ 70 ಪರ್ಸೆಂಟ್‌ಗೆ ಎಳೆದಿಡಿ. ಹೀಗೆ ಮಾಡಿ ಒಂದೂವರೆ ಗಂಟೆ ವಿಡಿಯೋ ಪೂರ್ತಿ ಎಕ್ಸ್‌ಪೋರ್ಟ್ ಆಯ್ತು ಅಂದ್ರೆ, ವಿಂಡೋಸ್, ಪ್ರೀಮಿಯರ್, ಪ್ರಾಜೆಕ್ಟ್ ಫೈಲ್ ಇವೆಲ್ಲದರ ಮೇಲಿನ ಅನುಮಾನ ಹೋಯ್ತು, ಬೋರ್ಡ್ ಮೇಲಿನದ್ದೂ ಬಹುಪಾಲು ಹೋಯ್ತು, ಉಳಿಯೋದು ಪವರ್ ಮತ್ತು ಬಿಸಿ ಎರಡೇ. ಬಾಕಿ ಇರೋ ಎರಡು ಮದುವೆ ಡೆಲಿವರಿ ನೀವು ಮುಗಿಸಬೇಕಾದ್ದೂ ಹೀಗೇ, ಹೊಸ ಭಾಗಗಳು ಬರೋ ತನಕ ಕಾಯಬೇಡಿ. ನಿಧಾನ ಆಗತ್ತೆ, ಆದರೆ ಮುಗಿಯತ್ತೆ.

ಡೆಲಿವರಿ ವಿಷಯ ಬಂತು ಅಂತ ಇದೂ ಹೇಳಿಬಿಡ್ತೀನಿ. ಎಕ್ಸ್‌ಪೋರ್ಟ್ ಮಧ್ಯೆ ಆಫ್ ಆದ ಎಂಪಿ4 ಫೈಲ್ 8 ಜಿಬಿ ಇದ್ರೂ ಪ್ಲೇ ಆಗಲ್ಲ, ಯಾಕಂದ್ರೆ ಯಾವ ಫ್ರೇಮ್ ಎಲ್ಲಿದೆ ಅನ್ನೋ ಸೂಚಿಯನ್ನ ಆ ಫೈಲ್‌ಗೆ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯೋದು, ಅದು ಬರೆಯೋ ಮುಂಚೆ ಕಟ್ ಆದ್ರೆ ಎಲ್ಲ ವ್ಯರ್ಥ. ಹಾಗಾಗಿ ಒಂದೂವರೆ ಗಂಟೆಯದ್ದನ್ನ ಒಂದೇ ಉಸಿರಿಗೆ ಹಾಕಬೇಡಿ. ಅರಿಶಿನ ಶಾಸ್ತ್ರ ಒಂದು, ವರಪೂಜೆ ಒಂದು, ಮುಹೂರ್ತ ಒಂದು, ಆರತಕ್ಷತೆ ಒಂದು ಹೀಗೆ ಇನ್ ಔಟ್ ಹಾಕಿ 10, 15 ನಿಮಿಷದ ತುಂಡು ಮಾಡಿ ಪ್ರೋರೆಸ್‌ನಂಥ ಹೈ ಕ್ವಾಲಿಟಿ ಫಾರ್ಮ್ಯಾಟ್‌ನಲ್ಲಿ ತೆಗೀರಿ, ಜಾಗ ಜಾಸ್ತಿ ತಿನ್ನತ್ತೆ, ತಿನ್ನಲಿ. ಆಮೇಲೆ ಆ ತುಂಡುಗಳನ್ನ ಹೊಸ ಟೈಮ್‌ಲೈನ್‌ನಲ್ಲಿ ಸಾಲಾಗಿಟ್ಟು ಕೊನೇ ಎಂಪಿ4 ಮಾಡಿ. ಆಗ ಎಫೆಕ್ಟ್ ಲೆಕ್ಕ ಎಲ್ಲ ಮುಗಿದಿರೋದ್ರಿಂದ ಆ ಕೊನೇ ಎಕ್ಸ್‌ಪೋರ್ಟ್ ಹಗುರವಾಗಿ ಹೋಗತ್ತೆ. ಮಧ್ಯೆ ಆಫ್ ಆದ್ರೂ ಹೋಗೋದು ಒಂದು ತುಂಡು.

ಈಗ ಕೊಳ್ಳೋ ವಿಷಯ. ಲೇಬಲ್ ನೋಡಿದ ಮೇಲೆ ಎಸ್‌ಎಂಪಿಎಸ್ಸೇ ಅಂತ ಖಾತ್ರಿ ಆದ್ರೆ 650 ವ್ಯಾಟ್‌ದು ತಗೊಳ್ಳಿ, 12 ವೋಲ್ಟ್‌ನಲ್ಲಿ 50 ಆಂಪಿಯರ್‌ಗಿಂತ ಮೇಲೆ ಇರಬೇಕು, ವಾರಂಟಿ 5 ವರ್ಷಕ್ಕೆ ಕಡಿಮೆ ಇರಬಾರದು. 80 ಪ್ಲಸ್ ಬ್ರಾಂಜ್, ಗೋಲ್ಡ್ ಅಂತ ಇರೋದು ಕರೆಂಟ್ ಎಷ್ಟು ಪೋಲಾಗಲ್ಲ ಅನ್ನೋ ಗುರುತು ಮಾತ್ರ, ಒಳಗಿನ ರಕ್ಷಣೆ ಗಟ್ಟಿ ಇದೆ ಅನ್ನೋ ಗ್ಯಾರಂಟಿ ಅಲ್ಲ, ಆದರೂ ಆ ಗುರುತೇ ಇಲ್ಲದ್ದನ್ನ ನಿಮ್ಮ ಕೆಲಸಕ್ಕೆ ಮುಟ್ಟಬೇಡಿ. ಎಟಿಎಕ್ಸ್ 3.0 ಅಂತ ಬರೆದಿರೋದು ಸಿಕ್ಕಿದ್ರೆ ಇನ್ನೂ ಒಳ್ಳೇದು, 2022ರಲ್ಲಿ ಬಂದ ಆ ನಿಯಮದಲ್ಲಿ ಮೇಲೆ ಹೇಳಿದ ಕ್ಷಣಿಕ ಜಿಗಿತಗಳನ್ನ ತಡೆಯೋ ಶಕ್ತಿಗೇ ಲೆಕ್ಕ ಇಟ್ಟಿದಾರೆ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗೋರು ಇದ್ರೆ ತರಿಸ್ಕೊಳ್ಳಿ, ಇಲ್ಲಾಂದ್ರೆ ನಿಮ್ಮ ಊರಲ್ಲೇ ಬಿಲ್ ಕೊಡೋ ಅಂಗಡಿಯಲ್ಲಿ, ವಾರಂಟಿಗೆ ಓಡಾಡೋದು ಹತ್ತಿರ ಇರ್ಲಿ. ಹಾಕಿಸೋವಾಗ ಎದುರಿಗೇ ನಿಂತು ಎರಡು ನೋಡಿ: ಪ್ರೊಸೆಸರ್ ಪಕ್ಕದ 8 ಪಿನ್ ಕನೆಕ್ಟರ್‌ಗೆ ಎಂಟೂ ಪಿನ್ ಹಾಕಿದಾರಾ, ಎಷ್ಟೋ ಕಡೆ 4 ಪಿನ್ ಮಾತ್ರ ಸಿಕ್ಕಿಸಿ ಬಿಟ್ಟಿರ್ತಾರೆ, ಗ್ರಾಫಿಕ್ಸ್ ಕಾರ್ಡ್‌ಗೆ ಹೋಗೋ ವೈರ್ ನೇರ ಎಸ್‌ಎಂಪಿಎಸ್‌ನಿಂದ ಬಂದಿದೆಯಾ ಅಥವಾ ಹಳೇ ಹಾರ್ಡ್ ಡಿಸ್ಕ್ ಪಿನ್‌ನಿಂದ ಕನ್ವರ್ಟರ್ ಹಾಕಿ ಎಳೆದಿದಾರಾ. ಕನ್ವರ್ಟರ್ ಇದ್ರೆ ತೆಗೆಸಿ, ಅಲ್ಲಿ ಕನೆಕ್ಟರ್ ಕರಗಿರೋದನ್ನ ನಾನೇ ಬಿಡಿಸಿದೀನಿ. ಹಳೇ ಎಸ್‌ಎಂಪಿಎಸ್ ರಿಪೇರಿ ಆಗತ್ತಾ ಅಂತ ಬಿಚ್ಚೋಕೆ ಹೋಗಬೇಡಿ, ವೈರ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್ ಚಾರ್ಜ್ ಹಿಡಿದಿರತ್ತೆ, ಹೊಡೆದ್ರೆ ಜೀವಕ್ಕೆ ಅಪಾಯ.

ಕೂಲರ್ ಅಂತೂ ಬದಲಾಯಿಸಲೇಬೇಕು, ಎಸ್‌ಎಂಪಿಎಸ್ ಏನೇ ಆಗಿರಲಿ. 65 ವ್ಯಾಟ್ ಲೆಕ್ಕದಲ್ಲಿ ಕೊಟ್ಟ ಸಣ್ಣ ಕೂಲರ್ 180 ವ್ಯಾಟ್ ಬಿಸಿ ಎತ್ತಲ್ಲ. 120 ಎಂಎಂ ಫ್ಯಾನ್ ಇರೋ ಟವರ್ ಏರ್ ಕೂಲರ್ ಸಾಕು, ಕೊಳ್ಳೋವಾಗ 1700 ಸಾಕೆಟ್‌ಗೆ (ನಿಮ್ಮ ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರೋ ಜಾಗ) ಕೂರತ್ತಾ ಕೇಳಿ. ಅಲ್ಲೀವರೆಗೂ ಈಗಿರೋದನ್ನೇ ಒಮ್ಮೆ ನೋಡಿ, ಅದು ನಾಲ್ಕು ಪ್ಲಾಸ್ಟಿಕ್ ಪಿನ್ ಮೇಲೆ ನಿಂತಿರತ್ತೆ, ಕ್ಯಾಬಿನೆಟ್ ಕಾರಲ್ಲಿ ಸಾಗಿಸಿದಾಗ ಒಂದು ಪಿನ್ ಸಡಿಲ ಆದ್ರೂ ಕೂಲರ್ ಒಂದು ಕಡೆ ಎದ್ದು ಬಿಸಿ ಹಿಡಿಯಲ್ಲ, ಬೆರಳಿಂದ ಮೆಲ್ಲಗೆ ಅಲ್ಲಾಡಿಸಿದ್ರೆ ಗೊತ್ತಾಗತ್ತೆ. ಬ್ರಷ್ ಹಿಡಿದು ಧೂಳು ತೆಗೀರಿ, ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡ್ಕೊಂಡು. ಬಯಾಸ್‌ನಲ್ಲಿ ಪವರ್ ಲಿಮಿಟ್ 1 ಮತ್ತು 2 (ಪ್ರೊಸೆಸರ್ ಉದ್ದಕ್ಕೂ ಎಳೆಯೋ ಮಿತಿ, ಸ್ವಲ್ಪ ಹೊತ್ತಿಗೆ ಎಳೆಯೋ ಮಿತಿ) ಎರಡನ್ನೂ 125 ವ್ಯಾಟ್‌ಗೆ ಕಟ್ಟಿ ಹಾಕಿ, ಹೊಸ ಎಸ್‌ಎಂಪಿಎಸ್, ಹೊಸ ಕೂಲರ್ ಬಂದ ಮೇಲೂ ಹಾಗೇ ಇಡಿ. ಕೊನೆಯ 50, 60 ವ್ಯಾಟ್‌ನಿಂದ ಸಿಗೋ ಸ್ಪೀಡ್ ಅಷ್ಟಕ್ಕಷ್ಟೇ, ಬಿಸಿ ಮಾತ್ರ ಎಲ್ಲ ಅಲ್ಲೇ.

ರ‍್ಯಾಮ್ ಬಗ್ಗೆ ಎರಡೇ ಮಾತು. ರ‍್ಯಾಮ್ ಕೆಟ್ಟಿದ್ರೆ ನೀಲಿ ಸ್ಕ್ರೀನ್, ಪ್ರೀಮಿಯರ್ ಕ್ರ್ಯಾಶ್, ಎಕ್ಸ್‌ಪೋರ್ಟ್ ಎರರ್, ಇಂಥದ್ದು ಕಾಣತ್ತೆ, ಕರೆಂಟ್ ಹೋದಂಗೆ ಆಫ್ ಆಗಿ ಲಾಕ್ ಆಗೋದು ರ‍್ಯಾಮ್ ಲಕ್ಷಣ ಅಲ್ಲ. ಹಳೇ ರ‍್ಯಾಮ್ ನಿಮ್ಮ ಹತ್ರ ವಾಪಸ್ ಕೊಟ್ಟಿದ್ರೆ ಮೆಮ್‌ಟೆಸ್ಟ್86 ಹಾಕಿ ನೋಡಿ, ಪಾಸ್ ಆದ್ರೆ ಅದು ಚೆನ್ನಾಗೇ ಇದೆ. ಇದನ್ನ ಓದ್ತಿರೋರಲ್ಲಿ 13, 14ನೇ ಜನರೇಶನ್ ಐ7, ಐ9 ಇರೋರು ಯಾರಾದ್ರೂ ಇದ್ರೆ ನಿಮ್ಮ ದಾರಿ ಸ್ವಲ್ಪ ಬೇರೆ, ಆ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಸಂಬಂಧಿ ತೊಂದ್ರೆ ಇರೋದನ್ನ ಇಂಟೆಲ್ 2024ರಲ್ಲಿ ಒಪ್ಪಿಕೊಂಡು ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಕೊಟ್ಟು ವಾರಂಟಿ ಎರಡು ವರ್ಷ ಹೆಚ್ಚಿಸಿದೆ, ಮೊದಲು ಬಯಾಸ್ ಅಪ್‌ಡೇಟ್ ಮಾಡಿ. ದಾವಣಗೆರೆಯವರೇ, ನಿಮ್ಮದು 12ನೇದು, ಅದಕ್ಕೆ ಇದು ಬರಲ್ಲ.

ಎಸ್‌ಎಂಪಿಎಸ್ ಲೇಬಲ್ ಫೋಟೋ, ಎಚ್‌ಡಬ್ಲ್ಯೂ ಇನ್ಫೋ ಲಾಗ್‌ನ ಕೊನೆಯ ಇಪ್ಪತ್ತು ಸಾಲು, ಬಗ್‌ಚೆಕ್‌ಕೋಡ್ ನಂಬರ್, ಆಫ್ ಆದಾಗ ಮಾನಿಟರ್ ಏನಾಗಿತ್ತು ಅನ್ನೋದು, ಈ ನಾಲ್ಕು ಕಳಿಸಿ. ಸರ್ವಿಸ್‌ನವರು ಬೋರ್ಡ್ ಹೋಗಿದೆ ಅಂತ ಮತ್ತೆ ಹೇಳಿದ್ರೆ ಜಗಳ ಏನೂ ಬೇಡ, ಅವರ ಹತ್ರ ಇರೋ ಒಳ್ಳೇ 650 ವ್ಯಾಟ್ ಎಸ್‌ಎಂಪಿಎಸ್ ಒಂದನ್ನ ಒಂದು ದಿನಕ್ಕೆ ಹಾಕಿ ನಿಮ್ಮದೇ ಪ್ರಾಜೆಕ್ಟ್ ಅವರ ಎದುರಿಗೇ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ತೋರಿಸೋಕೆ ಕೇಳಿ. ಆಗಲೂ ಆಫ್ ಆದ್ರೆ ಬೋರ್ಡ್ ಬಗ್ಗೆ ಮಾತಾಡೋಣ.